ಚಳಿಗೆ ಯಾವ ಮರದ ಕಂಪು?

ಮಲೆನಾಡಿನ ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಸಾಣೆಕಲ್ಲಿತ್ತು. ಧನುರ್ಮಾಸದ ನಸುಕಿನಲ್ಲಿ ಅದನ್ನು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಅಜ್ಜಿ ನಾಲ್ಕು ಹನಿ ನೀರು ಚಿಮುಕಿಸಿ ಗಂಧದ ಕೊರಡು ತೇಯುವಾಗ ಪಕ್ಕದಲ್ಲಿ ಕಂಬಳಿ ಹೊದ್ದು ಕೂರುವುದು ನನ್ನ ಅಭ್ಯಾಸ. ಅಷ್ಟು ಹತ್ತಿರ ಕೂತರೂ ಕಲ್ಲಿನ ಮೇಲಿನ ಗಂಧ ಮೂಗಿಗೆ ಹೆಚ್ಚು ಸಿಗುತ್ತಿರಲಿಲ್ಲ. ಅದನ್ನೇ ಹಣೆಗಿಟ್ಟುಕೊಂಡು ಶಾಲೆಗೆ ಹೊರಟು, ಗುಡ್ಡ ಹತ್ತಿ ಮೈ ಬೆಚ್ಚಗಾದ ಮೇಲೆ ಘಮ ಮೆಲ್ಲಗೆ ಏಳುತ್ತಿತ್ತು. ಬೇಸಿಗೆಯಲ್ಲಾದರೆ ತೇಯಲು ಕೂತ ಎರಡೇ ನಿಮಿಷಕ್ಕೆ ನಡುಮನೆಯವರೆಗೂ ಪರಿಮಳ. ಏಕೆ ಹೀಗೆ ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದರು: "ಚಳಿಗೆ ಗಂಧನೂ ಮುದುಡಿಕೊಂಡಿರ್ತದೆ ಮಗಾ, ಮೈಶಾಖ ತಾಗಿದ್ರೆ ಬಿಚ್ಕೊಳ್ತದೆ."

ಚಳಿಗಾಲಕ್ಕೆ ಸೆಂಟು ಆರಿಸುವವರಿಗೆ ಆ ಮಾತಿನಲ್ಲೇ ಅರ್ಧ ಪಾಠವಿದೆ. ಉಳಿದರ್ಧವನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ಮೇ ತಿಂಗಳಲ್ಲಿ, ಹವಾನಿಯಂತ್ರಿತ ಅಂಗಡಿಯೊಂದರಲ್ಲಿ, ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿ ಕೊಟ್ಟ ಪರಿಮಳವನ್ನು ಒಂದು ನಿಮಿಷ ಮೂಸಿ ನೋಡಿ ಬಾಟಲಿ ಕೊಂಡೆ. ಮೇಲೆ ‘ವುಡಿ’ ಎಂದು ಬರೆದಿತ್ತು. ಡಿಸೆಂಬರಿನ ಮದುವೆಯೊಂದಕ್ಕೆ ಅದನ್ನು ಹಾಕಿಕೊಂಡು ಹೋದಾಗ ಅಂಗಡಿಯಲ್ಲಿ ನನ್ನನ್ನು ಸೆಳೆದಿದ್ದ ನಿಂಬೆಹುಲ್ಲಿನಂಥ ತಾಜಾತನ ಅರ್ಧ ತಾಸಿನಲ್ಲಿ ಹಾರಿಹೋಯಿತು. ಆಮೇಲೆ ಉಳಿದ ಒಗರು ವಾಸನೆ ರಾತ್ರಿ ಊಟದವರೆಗೂ ಕಾಡಿತು. ಮರದ ಕಂಪಿನ ಸ್ವಭಾವವೇ ನಿಧಾನ. ಚಳಿ ಅದನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಅದಕ್ಕೇ ಚಳಿಗಾಲದ ಪರಿಮಳವನ್ನು ಅದರ ಮೊದಲ ನಿಮಿಷ ನೋಡಿ ಆರಿಸಬಾರದು, ಕೊನೆಯ ತಾಸು ನೋಡಿ ಆರಿಸಬೇಕು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಅದು ಏಕೆ, ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹತ್ತರ ಗುಂಪು, ಹದಿನೈದರ ಗುಂಪು

ಯಾವ ವಾಸನೆಯಾದರೂ ಮೂಗಿಗೆ ಮುಟ್ಟಬೇಕಾದರೆ ಅದರ ಅಣುಗಳು ಆವಿಯಾಗಿ ಗಾಳಿಗೆ ಏರಬೇಕು. ಹಗುರ ಅಣು ಬೇಗ ಏರುತ್ತದೆ, ಭಾರದ ಅಣು ತಡವಾಗಿ. ನಿಂಬೆ, ಕಿತ್ತಳೆ ಸಿಪ್ಪೆಯ ಕಂಪಿಗೆ ಕಾರಣವಾದ ಲಿಮೋನಿನ್ ಅಣುವಿನಲ್ಲಿ 10 ಇಂಗಾಲದ ಪರಮಾಣುಗಳಿವೆ. ಅದು ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶ್ರೀಗಂಧದ ಜೀವಾಳವಾದ ಸ್ಯಾಂಟಲಾಲ್‌ನಲ್ಲಿ 15 ಇಂಗಾಲಗಳು. ಅದರ ಕುದಿಬಿಂದು 300 ಡಿಗ್ರಿಯ ಆಸುಪಾಸು. ಸೋಜಿಗವೆಂದರೆ ಗಂಧ ಮಾತ್ರವಲ್ಲ, ದೇವದಾರು, ಲಾವಂಚದ ಬೇರು, ಪಚ್ಚೆತೆನೆ, ಅಗರು ಇವೆಲ್ಲದರ ಮುಖ್ಯ ಸುಗಂಧ ಅಣುಗಳೂ ಬಹುಮಟ್ಟಿಗೆ ಇದೇ ಹದಿನೈದು ಇಂಗಾಲದ ಬಳಗಕ್ಕೆ ಸೇರಿದವು. ರಸಾಯನಶಾಸ್ತ್ರ ಈ ಬಳಗವನ್ನು ಸೆಸ್ಕ್ವಿಟರ್ಪೀನ್ ಎನ್ನುತ್ತದೆ. ಲಾವಂಚ ಹುಲ್ಲಿನ ಬೇರು, ಪಚ್ಚೆತೆನೆ ಎಲೆ. ಆದರೂ ಸುಗಂಧದವರು ಅವೆರಡನ್ನೂ ಮರದ ಕಂಪುಗಳ ಸಾಲಿನಲ್ಲಿ ಇಡುವುದಕ್ಕೆ ಈ ನೆಂಟಸ್ತಿಕೆಯೂ ಒಂದು ಕಾರಣ.

ಒಂದು ಸೆಂಟಿನಲ್ಲಿ ಈ ಎರಡೂ ಗುಂಪಿನ ಅಣುಗಳಿರುತ್ತವೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಹಗುರದವು ಮಾತಾಡುತ್ತವೆ. ಅಂಗಡಿಯವರು ಟಾಪ್ ನೋಟ್ ಎನ್ನುವುದು ಇದನ್ನೇ. ನಡುವೆ ಹೂವು, ಸಾಂಬಾರ ಪದಾರ್ಥಗಳ ಸರದಿ. ಕೊನೆಗೆ, ಕೆಲವೊಮ್ಮೆ ಮರುದಿನದವರೆಗೂ ಉಳಿಯುವುದು ತಳದ ಕಂಪು, ಬೇಸ್ ನೋಟ್. ಮರಗಳೆಲ್ಲ ಬಹುತೇಕ ಇಲ್ಲೇ ನೆಲೆಸಿರುತ್ತವೆ.

ಉಷ್ಣಾಂಶ ಹತ್ತು ಡಿಗ್ರಿ ಇಳಿದರೆ ಇಂಥ ಭಾರದ ಅಣುಗಳು ಆವಿಯಾಗುವ ಪ್ರಮಾಣ ಅರ್ಧಕ್ಕೂ ಕೆಳಗಿಳಿಯುತ್ತದೆ. ಅಜ್ಜಿಯ ತಣ್ಣನೆಯ ಸಾಣೆಕಲ್ಲಿನ ಮೇಲೆ ಗಂಧ ಸುಮ್ಮನಿದ್ದದ್ದು ಈ ಕಾರಣಕ್ಕೆ. ಚರ್ಮದ ಬಿಸಿ ಸಾಧಾರಣವಾಗಿ 32ರಿಂದ 34 ಡಿಗ್ರಿ. ಆ ಶಾಖ ತಾಗಿದ ಮೇಲೆ ಅದು ಎದ್ದಿತು. ಇದರ ಇನ್ನೊಂದು ಮುಖವೂ ಇದೆ. ಏಪ್ರಿಲ್ ತಿಂಗಳ ತುಂಬಿದ ಬಸ್ಸಿನಲ್ಲಿ ಯಾರೋ ಹಚ್ಚಿಕೊಂಡ ಅಗರಿನ ಅತ್ತರು ತಲೆ ಸುತ್ತಿಸುತ್ತದೆ. ಅದೇ ಅತ್ತರು ಜನವರಿಯ ಬೆಳಗಿನಲ್ಲಿ, ಸ್ವೆಟರಿನ ಒಳಗಿಂದ ಒಂದೊಂದೇ ಎಳೆಯಾಗಿ ಹೊರಬರುವಾಗ ಹಿತವಾಗುತ್ತದೆ. ಚಳಿ ಕಡಿವಾಣ ಹಾಕುವುದರಿಂದ ಭಾರದ ಪರಿಮಳಗಳು ಹದಕ್ಕೆ ಬರುತ್ತವೆ. ಮರದ ಕಂಪಿಗೂ ಚಳಿಗಾಲಕ್ಕೂ ಇರುವ ಹೊಂದಾಣಿಕೆಯ ಗುಟ್ಟು ಇದು.

ಋತುವಿಗೊಂದು ಲೇಪ

ಈ ತಿಳಿವಳಿಕೆ ನಮಗೆ ಹೊಸದಲ್ಲ. ಚರಕಸಂಹಿತೆಯಲ್ಲಿ ಋತುಚರ್ಯೆಯನ್ನು ಹೇಳುವ ಅಧ್ಯಾಯವಿದೆ. ಹೇಮಂತದಲ್ಲಿ ದಪ್ಪ ಬೆಚ್ಚಗಿನ ಬಟ್ಟೆ ಉಟ್ಟು ಮೈಗೆ ಅಗರುವಿನ ಗಟ್ಟಿ ಲೇಪ ಹಚ್ಚಿಕೊಳ್ಳಬೇಕೆಂದೂ, ಗ್ರೀಷ್ಮದಲ್ಲಿ ಚಂದನದ ಲೇಪ ಹಚ್ಚಿಕೊಳ್ಳಬೇಕೆಂದೂ ಅಲ್ಲಿ ಹೇಳಿದೆ. ನಡುವಿನ ವಸಂತಕ್ಕೆ ಎರಡನ್ನೂ ಸೂಚಿಸಿದೆ. ಚಂದನ ತಂಪು, ಅಗರು ಬಿಸಿ ಎಂಬ ಆ ವಿಂಗಡಣೆ ಔಷಧದ ದೃಷ್ಟಿಯದು; ಆದರೆ ಮೂಗಿನ ಅನುಭವವೂ ಅದನ್ನೇ ಹೇಳುತ್ತದೆ.

ಕನ್ನಡದಲ್ಲೇ ನೋಡಿದರೆ, 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಬೇಸಾಯ, ಅಡುಗೆ, ಮದ್ದುಗಳ ಜತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಜಾಗವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ವಿಲೇಪನ ಮತ್ತು ಧೂಪಗಳನ್ನು ಅರಸನ ಭೋಗಗಳ ಪಟ್ಟಿಗೆ ಸೇರಿಸಿದ. ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರು ಇವತ್ತಿಗೂ ಇದೇ ಕ್ರಮ ಪಾಲಿಸುತ್ತಾರೆ: ಬೇಸಿಗೆಗೆ ಲಾವಂಚ, ಕೇದಗೆ, ಮಲ್ಲಿಗೆ, ಗುಲಾಬಿ; ಚಳಿಗೆ ಶಮಾಮಾ, ಹಿನಾ, ಊದ್ ಎನ್ನುವ ಅಗರು. ಸೆಂಟಿನ ಬಾಟಲಿಯನ್ನು ವರ್ಷಪೂರ್ತಿ ಒಂದೇ ಎಂದು ಬಳಸುವುದು ಇತ್ತೀಚಿನ ರೂಢಿ. ಹಬ್ಬಕ್ಕೊಂದು ಅಡುಗೆ ಇದ್ದ ಹಾಗೆ ಋತುವಿಗೊಂದು ಪರಿಮಳ ನಮ್ಮಲ್ಲಿತ್ತು.

ಮರದಿಂದ ಮರಕ್ಕೆ

ಹಾಗಾದರೆ ಯಾವ ಮರ? ಮೊದಲು ನಮ್ಮ ಶ್ರೀಗಂಧ. ಒಳ್ಳೆಯ ಗಂಧದೆಣ್ಣೆಯ ಕಂಪಿನಲ್ಲಿ ಕಾಯಿಸಿದ ಹಾಲಿನ ಕೆನೆಯಂಥ ನುಣುಪಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಪ್ರಪಂಚದ ಸುಗಂಧ ಲೋಕದಲ್ಲಿ ‘ಮೈಸೂರು’ ಎಂಬ ಹೆಸರೇ ಗುಣಕ್ಕೆ ಅಳತೆಗೋಲಾದದ್ದು ಇಂಥ ಎಣ್ಣೆಯಿಂದ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಗಂಧದ ಕೊರಡುಗಳು ಬಟ್ಟಿ ಇಳಿಸಲು ಜರ್ಮನಿಯಂಥ ದೇಶಗಳಿಗೆ ಹೋಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯತೊಡಗಿತು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ನಮ್ಮ ಬಚ್ಚಲುಮನೆಗಳ ಗಂಧದ ಸೋಪಿನ ಕಥೆ ಆರಂಭವಾದದ್ದು ಹಾಗೆ.

ಆದರೆ ಚಳಿಗಾಲಕ್ಕೆ ಶುದ್ಧ ಗಂಧ ಒಂದೇ ಸಾಕೇ ಎಂದರೆ, ಅದು ತೀರ ಮೆಲುದನಿಯದು ಎಂದೇ ಹೇಳಬೇಕು. ಹಚ್ಚಿಕೊಂಡವರಿಗೂ ಅವರನ್ನು ಅಪ್ಪಿಕೊಂಡವರಿಗೂ ಗೊತ್ತಾಗುವಷ್ಟು ಮಾತ್ರ ಅದರ ಹರವು. ನಿಮಗೆ ಅದೇ ಬೇಕಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಸ್ವಲ್ಪ ದೂರಕ್ಕೂ ಮುಟ್ಟಬೇಕಿದ್ದರೆ ಏಲಕ್ಕಿ, ಲವಂಗ, ಕೇಸರಿ, ವೆನಿಲಾ ಇವುಗಳ ಜತೆ ಬೆರೆತ ಗಂಧವನ್ನು ನೋಡಿ. ಗಂಧದ ಜತೆ ಮಲ್ಲಿಗೆಯನ್ನು ಧಾರಾಳವಾಗಿ ಸೇರಿಸಿದ ಗೆರ್ಲಾನ್ ಕಂಪನಿಯ ‘ಸಂಸಾರ’ 1989ರಲ್ಲಿ ಬಂದದ್ದು, ಹೆಸರೂ ನಮ್ಮದೇ.

ಎರಡನೆಯದು ದೇವದಾರು ಬಳಗ, ಬಾಟಲಿಗಳ ಮೇಲೆ ಸೀಡರ್ ಎಂದು ಬರೆದಿರುತ್ತದೆ. ಹಿಮಾಲಯದ ದೇವದಾರು, ಮೊರಾಕ್ಕೊದ ಅಟ್ಲಾಸ್ ಸೀಡರ್ ನಿಜವಾದ ಒಡಹುಟ್ಟುಗಳು. ಅಮೆರಿಕದ ವರ್ಜೀನಿಯಾ ಸೀಡರ್ ಎಂಬುದು ಸಸ್ಯಶಾಸ್ತ್ರದ ಪ್ರಕಾರ ಜೂನಿಪರ್ ಜಾತಿಯದು. ಹಿಂದೆ ಒಳ್ಳೆಯ ಪೆನ್ಸಿಲ್‌ಗಳನ್ನು ಅದರಿಂದಲೇ ಮಾಡುತ್ತಿದ್ದರು. ಮೆಂಡರಿನಲ್ಲಿ ಪೆನ್ಸಿಲ್ ಹೆರೆದಾಗ ಬರುವ ಒಣ, ಚೊಕ್ಕ ವಾಸನೆಯನ್ನು ನೆನಪಿಸಿಕೊಂಡರೆ ಸೀಡರಿನ ಸ್ವಭಾವ ತಿಳಿಯುತ್ತದೆ. ಕಚೇರಿಗೆ, ಸಭೆಗೆ, ಹಗಲಿನ ಓಡಾಟಕ್ಕೆ ಇದು ಹೇಳಿಮಾಡಿಸಿದ್ದು. ತೀರ ಒಣಗಾಳಿಯ ಊರಿನಲ್ಲಿ ಇದೊಂದೇ ಇದ್ದರೆ ಬರಡೆನಿಸಬಹುದು. ಕೊಂಚ ಸಾಂಬ್ರಾಣಿಯ ಸಿಹಿ ಬೆರೆತದ್ದು ಮೇಲು.

ಲಾವಂಚ ನಮಗೆ ಬೇಸಿಗೆಯ ಬೇರು, ನೀರಿನ ಮಡಕೆಗೆ ಹಾಕುವಂಥದ್ದು. ಆದ್ದರಿಂದ ಚಳಿಗೆ ಅದು ಎಂದರೆ ಅಚ್ಚರಿಯಾಗಬಹುದು. ಆದರೆ ಅದರಲ್ಲಿ ತಂಪು ಹಸಿರಿನ ಜತೆ ಮಣ್ಣು ಮತ್ತು ಹೊಗೆಯ ಗುಣವೂ ಅಡಗಿದೆ. ಹೈಟಿ ದೇಶದ ಲಾವಂಚದೆಣ್ಣೆ ಸ್ವಚ್ಛವಾಗಿದ್ದರೆ ಜಾವಾದ್ದು ಹೊಗೆಯಾಡಿದಂತಿರುತ್ತದೆ. ಚಳಿಗೆ ಈ ಎರಡನೆಯ ಬಗೆಯನ್ನು, ತಂಬಾಕಿನ ಎಲೆ ಅಥವಾ ಜಾಯಿಕಾಯಿಯ ಜತೆ ಬೆರೆಸಿದ್ದನ್ನು ಹುಡುಕಿ.

ಪಚೋಲಿ ಎಂಬುದು ನಮ್ಮ ಪಚ್ಚೆತೆನೆ. 19ನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ನುಸಿ ಹಿಡಿಯದಿರಲೆಂದು ನಡುವೆ ಇದರ ಒಣ ಎಲೆಗಳನ್ನು ಇಡುತ್ತಿದ್ದರು. ಶಾಲಿನ ಜತೆ ಪರಿಮಳವೂ ಅಲ್ಲಿನವರ ಮನಸ್ಸಿಗೆ ಅಂಟಿತು. ಒದ್ದೆ ಮಣ್ಣು, ಒಣ ಎಲೆ, ಕೋಕೋ ನೆನಪಿಸುವ ಈ ಕಂಪು ಉಣ್ಣೆಯ ಬಟ್ಟೆಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದದು. ಎಣ್ಣೆ ಹಳತಾದಷ್ಟೂ ಇದರ ಒರಟುತನ ಕಡಿಮೆಯಾಗುತ್ತದೆ.

ಕೊನೆಗೆ ಅಗರು. ಅರಬರ ಊದ್, ನಮ್ಮ ಕಾವ್ಯಗಳ ಕೃಷ್ಣಾಗರು. ಅಕ್ವಿಲೇರಿಯಾ ಜಾತಿಯ ಈ ಮರ ಆರೋಗ್ಯವಾಗಿದ್ದಾಗ ಬಿಳಿಚಿಕೊಂಡ, ಹಗುರ, ವಾಸನೆಯಿಲ್ಲದ ಮರ. ಅದಕ್ಕೆ ಗಾಯವಾಗಿ ಶಿಲೀಂಧ್ರ ತಗಲಿದಾಗ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳ ಸುರಿಸುತ್ತದೆ. ಆ ರಾಳ ತುಂಬಿದ ಭಾಗವೇ ಅಗರು. ಅಸ್ಸಾಮಿನಲ್ಲಿ ಇದರ ಕಸುಬು ಹಳೆಯದು. ಭಟ್ಕಳ, ಮಂಗಳೂರಿನ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಇದರ ಪುಟ್ಟ ಸೀಸೆ ಬರುತ್ತದೆ. ಪಶ್ಚಿಮದ ಪೇಟೆಯಲ್ಲಿ 2002ರ ‘ಎಂ7’ ಎಂಬ ಸೆಂಟಿನಿಂದೀಚೆ ಊದ್ ಎಂಬ ಶಬ್ದ ಮನೆಮಾತಾಯಿತು. ಚರ್ಮ, ಜೇನು, ಹೊಗೆ, ಕೊಟ್ಟಿಗೆ ಎಲ್ಲವೂ ಒಟ್ಟಿಗೆ ಇರುವ ಗಟ್ಟಿ ಪರಿಮಳ ಇದು. ಮೊದಲ ಸಲ ಕೊಳ್ಳುವವರು ಗುಲಾಬಿಯ ಜತೆ ಬೆರೆತ ಊದ್‌ನಿಂದ ಶುರುಮಾಡಿದರೆ ಒಗ್ಗಿಕೊಳ್ಳುವುದು ಸುಲಭ.

ಒಂದೇ ಸೀಸೆಯಲ್ಲಿ ಇಡೀ ಚಳಿಗಾಲ ಬೇಕೆನ್ನುವವರಿಗೆ ನನ್ನ ಸಲಹೆ ಶಮಾಮಾ. ಕನ್ನೌಜಿನಲ್ಲಿ ತಾಮ್ರದ ಹಂಡೆಗೆ ಕಲ್ಲುಹೂವು, ಜಟಾಮಾಂಸಿ, ಲವಂಗ, ಏಲಕ್ಕಿ, ಜಾಯಿಕಾಯಿ ಮೊದಲಾದವನ್ನು ತುಂಬಿ ಬೇಯಿಸಿ, ಬಿದಿರಿನ ಕೊಳವೆಯ ಮೂಲಕ ಬಂದ ಆವಿಯನ್ನು ಗಂಧದೆಣ್ಣೆಗೆ ಇಳಿಸುವುದು ಇದರ ಸಾಂಪ್ರದಾಯಿಕ ಕ್ರಮ. ನಮ್ಮ ಬಿಸಿಬೇಳೆಬಾತಿನ ಮಸಾಲೆಯ ಡಬ್ಬಿಯಲ್ಲಿ ಇರುವ ಕಲ್ಲುಹೂವೇ ಇಲ್ಲಿಯೂ ಕಾಡಿನ ನೆಲದ ವಾಸನೆ ಕೊಡುತ್ತದೆ. ಗಂಧದೆಣ್ಣೆಯ ಬೆಲೆ ಏರಿದ ಮೇಲೆ ಎಷ್ಟೋ ಅತ್ತರುಗಳ ತಳಕ್ಕೆ ವಾಸನೆಯಿಲ್ಲದ ಬೇರೆ ದ್ರವ ಬಂದಿದೆ. ಕೊಳ್ಳುವಾಗ ತಳ ಯಾವುದೆಂದು ಕೇಳಿ.

ಮರದ ಕಂಪು ಗಂಡಸರಿಗೆ, ಹೂವಿನದು ಹೆಂಗಸರಿಗೆ ಎಂಬ ವಿಂಗಡಣೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಗಂಧದ ಮೇಲೆ ನಿಂತ ಶನೆಲ್ ಕಂಪನಿಯ ‘ಬ್ವಾ ದೆಝ್ ಈಲ್’ 1926ರಲ್ಲಿ ಹೆಂಗಸರಿಗೆಂದೇ ಬಂದದ್ದು. 1992ರ ‘ಫೆಮಿನಿಟೆ ದು ಬ್ವಾ’ ಅಟ್ಲಾಸ್ ಸೀಡರನ್ನೇ ಹೆಂಗಸರ ಸೆಂಟಿನ ನಡುಮಧ್ಯಕ್ಕೆ ತಂದಿತು. ನಮ್ಮ ಮದುವೆಗಳಲ್ಲಂತೂ ಗಂಧ ವಧೂವರರಿಬ್ಬರಿಗೂ ಒಂದೇ ಬಟ್ಟಲಿನದು.

ಅಂಗಡಿಯಲ್ಲಿ ಅವಸರ ಬೇಡ

ಆರಿಸುವ ಕ್ರಮ ಹೀಗಿರಲಿ. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಸೆಂಟು ನೋಡಬೇಡಿ, ಮೂಗು ದಣಿಯುತ್ತದೆ. ದಣಿದರೆ ನಿಮ್ಮದೇ ತೋಳಿನ ಬಟ್ಟೆಯನ್ನು ಮೂಸಿ ಸ್ವಲ್ಪ ಹೊತ್ತು ಬಿಡಿ. ಕಾಗದದ ಪಟ್ಟಿಯಲ್ಲಿ ನೋಡಿ ಬೇಡವಾದದ್ದನ್ನು ಬಿಟ್ಟ ಮೇಲೆ, ಹಿಡಿಸಿದ್ದನ್ನು ಮೊಳಕೈಯ ಒಳಮಡಿಕೆಗೆ ಹಾಕಿಸಿಕೊಳ್ಳಿ. ಆಮೇಲೆ ಅಂಗಡಿಯಿಂದ ಹೊರಗೆ ಬನ್ನಿ. ಕಾಫಿ ಕುಡಿಯಿರಿ, ಬಸ್ಸು ಹತ್ತಿ, ಮನೆಗೆ ಹೋಗಿ. ಅರ್ಧ ತಾಸಾದ ಮೇಲೆ ಒಮ್ಮೆ, ಎರಡು ತಾಸಾದ ಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಮೂಸಿ ನೋಡಿ. ನಾಲ್ಕು ತಾಸಿನ ನಂತರ ಉಳಿದ ಕಂಪು ಹಿಡಿಸಿದರೆ ಮಾತ್ರ ಮತ್ತೆ ಅಂಗಡಿಗೆ ಹೋಗಿ.

ಈ ಪರೀಕ್ಷೆಯನ್ನು ಚಳಿಯಿರುವ ದಿನವೇ ಮಾಡಬೇಕು. ಬೇಸಿಗೆಯಲ್ಲಿ ನೋಡಿ ಚಳಿಗೆಂದು ಕೊಳ್ಳುವುದು, ನಾನು ಮಾಡಿದ ಹಾಗೆ, ದುಡ್ಡು ಕಳೆಯುವ ದಾರಿ. ದೊಡ್ಡ ಬಾಟಲಿ ಬೇಡ. ಅತ್ತರಾದರೆ 3 ಮಿಲಿಲೀಟರಿನ ಪುಟ್ಟ ಸೀಸೆ ಸಿಗುತ್ತದೆ, ಒಂದು ಚಳಿಗಾಲಕ್ಕೆ ಅದು ಸಾಕು. ಪೆಟ್ಟಿಗೆಯ ಮೇಲೆ ಓ ದ ಟಾಯ್ಲೆಟ್, ಓ ದ ಪರ್ಫ್ಯೂಮ್ ಎಂದೆಲ್ಲ ಬರೆದಿರುವುದು ಸುಗಂಧದ ಸಾಂದ್ರತೆಯ ಗುರುತು. ಎರಡನೆಯದು ಹೆಚ್ಚು ಗಟ್ಟಿ, ಚಳಿಗೆ ಸಾಮಾನ್ಯವಾಗಿ ಅದೇ ವಾಸಿ.

ಯಾವ ಊರಿನ ಚಳಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ ಜನವರಿಯಲ್ಲಿ ಬೆಳಗ್ಗೆ 15-16 ಡಿಗ್ರಿ ಇದ್ದರೆ ಮಧ್ಯಾಹ್ನ 27ಕ್ಕೆ ಏರುತ್ತದೆ. ಎಂಟು ಗಂಟೆಗೆ ಮಿತವೆನಿಸಿದ ಊದ್ ಒಂದು ಗಂಟೆಗೆ ಕಚೇರಿಯ ಊಟದ ಕೋಣೆಯನ್ನೇ ಆವರಿಸಬಹುದು. ಇಲ್ಲಿ ಹಗಲಿಗೆ ಗಂಧ ಅಥವಾ ಸೀಡರ್, ಸಂಜೆಯ ಮೇಲೆ ಪಚ್ಚೆತೆನೆ ಅಥವಾ ಅಗರು ಎಂದು ಹಂಚಿಕೊಳ್ಳುವುದು ಜಾಣತನ. ಬೀದರ್, ವಿಜಯಪುರದ ಕಡೆ ರಾತ್ರಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಅಲ್ಲಿಗೆ ಗಟ್ಟಿ ಪರಿಮಳ ಸಲ್ಲುತ್ತದೆ. ಟೊರಾಂಟೊ, ಷಿಕಾಗೊದಲ್ಲಿರುವ ನಮ್ಮವರ ಪಾಡು ಬೇರೆ: ಹೊರಗೆ ಹಿಮ, ಒಳಗೆ ಹೀಟರಿನ ಒಣ ಬಿಸಿ. ಕೋಟು ಬಿಚ್ಚಿದ ಕೂಡಲೇ ಅಡಗಿದ್ದ ಕಂಪೆಲ್ಲ ಒಮ್ಮೆಗೇ ಹರಡುತ್ತದೆ. ಅಂಥವರು ಹೊರಗಿನ ಚಳಿ ನೋಡಿ ಪ್ರಮಾಣ ನಿರ್ಧರಿಸಬಾರದು, ಹೋಗಿ ಕೂರುವ ಕೋಣೆಯ ಬಿಸಿ ನೋಡಿ ನಿರ್ಧರಿಸಬೇಕು.

ಹಚ್ಚುವ ಹದ

ಚಳಿಗೆ ಚರ್ಮ ಒಡೆಯುತ್ತದೆ, ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಸ್ನಾನವಾದ ಮೇಲೆ ವಾಸನೆಯಿಲ್ಲದ ಕ್ರೀಮು ಅಥವಾ ಒಂದೆರಡು ಹನಿ ಬಾದಾಮಿ ಎಣ್ಣೆ ಸವರಿ, ಅದರ ಮೇಲೆ ಹಚ್ಚಿ. ಮಣಿಕಟ್ಟು ರೂಢಿಯ ಜಾಗವಾದರೂ ಚಳಿಯಲ್ಲಿ ಮೊದಲು ತಣ್ಣಗಾಗುವುದು ಕೈಯೇ. ಎದೆಯ ಮೇಲ್ಭಾಗ, ಕತ್ತಿನ ಹಿಂಬದಿ, ಕಿವಿಯ ಹಿಂದೆ ಶಾಖ ಉಳಿದಿರುತ್ತದೆ. ಗಂಧವನ್ನು ಬಿಚ್ಚಿಸುವ ಶಾಖ ಅಲ್ಲಿದೆ. ಉಣ್ಣೆ ಪರಿಮಳವನ್ನು ದಿನಗಟ್ಟಲೆ ಹಿಡಿದಿಡುತ್ತದೆ, ಆದ್ದರಿಂದ ಮಫ್ಲರಿಗೆ ಒಂದು ಸಿಂಪಡಿಕೆ ಸಾಕು. ರೇಷ್ಮೆ ಸೀರೆ, ಪಂಚೆಗಳಿಗೆ ಮಾತ್ರ ಅತ್ತರಾಗಲಿ ಸೆಂಟಾಗಲಿ ನೇರವಾಗಿ ತಾಗಿಸಬೇಡಿ, ಕಲೆ ಉಳಿಯುತ್ತದೆ.

ಹಚ್ಚಿಕೊಂಡ ಸ್ವಲ್ಪ ಹೊತ್ತಿಗೆ ನಮ್ಮ ವಾಸನೆ ನಮಗೇ ಗೊತ್ತಾಗುವುದಿಲ್ಲ. ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ ಅಷ್ಟೇ. ಹಾರಿಹೋಯಿತೆಂದು ಮತ್ತೆ ಮತ್ತೆ ಸಿಂಪಡಿಸಿಕೊಂಡರೆ ಪಕ್ಕದಲ್ಲಿ ಕೂತವರಿಗೆ ಕಷ್ಟ. ಚಳಿಗಾಲದಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ ಎಂಬುದು ನೆನಪಿರಲಿ. ಮನೆಯವರೊಬ್ಬರನ್ನು ಕೇಳುವುದೇ ಸರಿಯಾದ ಪರೀಕ್ಷೆ. ಉಬ್ಬಸ ಇರುವವರ ಜತೆ ಪ್ರಯಾಣಿಸುವಾಗ ಸೆಂಟು ಹಾಕಿಕೊಳ್ಳದಿರುವುದೇ ಮರ್ಯಾದೆ. ಹೊಸ ಅತ್ತರನ್ನು ಮುಂಗೈಯ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ, ಒಂದು ದಿನ ಕಾದು, ತುರಿಕೆ ಬಾರದಿದ್ದರೆ ಬಳಸಿ. ಸೀಸೆಯನ್ನು ಬಚ್ಚಲುಮನೆಯಲ್ಲಾಗಲಿ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡದೆ ಬೀರುವಿನ ಕತ್ತಲಿನಲ್ಲಿಡಿ.

ಮರದ ಋಣ

ಮರದ ಪರಿಮಳ ಹಚ್ಚಿಕೊಳ್ಳುವವರು ಮರದ ಬಗ್ಗೆಯೂ ಒಂದಿಷ್ಟು ಯೋಚಿಸಬೇಕು. ಶ್ರೀಗಂಧ ಒಂಟಿಯಾಗಿ ಬೆಳೆಯುವ ಮರವಲ್ಲ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕೂಡಿಸಿ ನೀರು, ಸಾರ ಪಡೆಯುತ್ತದೆ. ಸುಮಾರು ಹತ್ತು ವರ್ಷ ದಾಟಿದ ಮೇಲಷ್ಟೇ ಒಳಗೆ ಚೇಗು ಕಟ್ಟತೊಡಗುತ್ತದೆ. ಒಳ್ಳೆಯ ಎಣ್ಣೆಗೆ 30 ವರ್ಷವಾದರೂ ಬೇಕು. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಎರಡು ಶತಮಾನ ಕಾಲ ತನ್ನ ಹಿತ್ತಲಿನಲ್ಲಿ ಹುಟ್ಟಿದ ಗಂಧದ ಗಿಡವೂ ರೈತನದಾಗಿರಲಿಲ್ಲ. ಆದ್ದರಿಂದ ಅದನ್ನು ನೆಟ್ಟು ಬೆಳೆಸುವ ಉಮೇದು ಯಾರಿಗೂ ಬರಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಗುರುತಿಸಲಾದ ಸ್ಪೈಕ್ ರೋಗ, ಕಳ್ಳಸಾಗಣೆ, ಎಗ್ಗಿಲ್ಲದ ಕಡಿತ ಎಲ್ಲ ಸೇರಿ ಕಾಡಿನ ಗಂಧ ಬರಿದಾಗುತ್ತ ಬಂತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಬೆಳೆದವನಿಗೇ ಮರದ ಒಡೆತನ ಕೊಟ್ಟಿತು. ಈಗ ರೈತರ ಹೊಲಗಳಲ್ಲಿ ಗಂಧ ಮತ್ತೆ ಕಾಣಿಸುತ್ತಿದೆ. ಅಗರು ಮರಕ್ಕೂ ಇದೇ ಗತಿ ಬಂದು, 1995ರಿಂದ ಅದರ ಒಂದು ಮುಖ್ಯ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ.

ಇದನ್ನೆಲ್ಲ ತಿಳಿದ ಮೇಲೆ, ಅಗ್ಗದ ಬಾಟಲಿಯ ಮೇಲೆ ‘ಅಪ್ಪಟ ಮೈಸೂರು ಗಂಧ’ ಎಂದು ಬರೆದಿದ್ದರೆ ನಂಬುವುದು ಕಷ್ಟ. ಹಾಗೆಂದು ಪ್ರಯೋಗಾಲಯದಲ್ಲಿ ಹುಟ್ಟಿದ ಪರಿಮಳವನ್ನು ಕೀಳಾಗಿ ಕಾಣಬೇಕಿಲ್ಲ. 1973ರಲ್ಲಿ ಬಂದ ಐಸೋ ಇ ಸೂಪರ್ ಎಂಬ ಅಣು ಸೀಡರಿನಂಥ ನವಿರು ಕಂಪನ್ನು ಲೆಕ್ಕವಿಲ್ಲದಷ್ಟು ಸೆಂಟುಗಳಿಗೆ ಕೊಟ್ಟಿದೆ, ಒಂದು ಸೀಡರ್ ಮರವನ್ನೂ ಕಡಿಯದೆ. ಇಂಥ ದೊಡ್ಡ ಅಣುಗಳನ್ನು ಕೆಲವರ ಮೂಗು ಗ್ರಹಿಸುವುದೇ ಇಲ್ಲ ಎಂಬುದು ಇನ್ನೊಂದು ವಿಶೇಷ. ನಿಮಗೆ ಏನೂ ಬಾರದ ಸೆಂಟು ಪಕ್ಕದವರಿಗೆ ಚೆನ್ನಾಗಿಯೇ ಬರುತ್ತಿರಬಹುದು. ನನ್ನ ಮಟ್ಟಿಗೆ ದಿನಬಳಕೆಗೆ ಇಂಥ ಸೆಂಟು, ಹಬ್ಬಕ್ಕೆ ಮತ್ತು ಮದುವೆಗೆ ಒಂದೆರಡು ಹನಿ ನಿಜವಾದ ಗಂಧದೆಣ್ಣೆ ಎಂದು ಮಾಡಿಕೊಂಡಿದ್ದೇನೆ. 30 ವರ್ಷ ಬೆಳೆದದ್ದನ್ನು ಹನಿಯ ಲೆಕ್ಕದಲ್ಲೇ ಬಳಸಬೇಕು.

ಅಜ್ಜಿಯ ಕೊರಡು ಈಗ ನನ್ನ ಬಳಿಯಿದೆ. ತೇಯ್ದು ತೇಯ್ದು ಹೆಬ್ಬೆರಳಿನಷ್ಟು ಉಳಿದಿದೆ. ಪ್ರತಿ ವರ್ಷ ಸಂಕ್ರಾಂತಿ ಕಳೆದು ಶಾಲುಗಳನ್ನು ಟ್ರಂಕಿಗೆ ಇಡುವಾಗ ಅದನ್ನೂ ನಡುವೆ ಸೇರಿಸುತ್ತೇನೆ. ಮುಂದಿನ ಕಾರ್ತಿಕದಲ್ಲಿ ಮುಚ್ಚಳ ತೆಗೆದರೆ ಮೊದಲಿಗೆ ಏನೂ ಬರುವುದಿಲ್ಲ, ಉಣ್ಣೆಯ ತಣ್ಣನೆಯ ವಾಸನೆಯಷ್ಟೇ. ಶಾಲು ಹೊದ್ದು ಹೊರಗೆ ನಾಲ್ಕು ಹೆಜ್ಜೆ ಹಾಕಿ, ಮೈ ಬೆಚ್ಚಗಾಗುವವರೆಗೆ ಕಾಯಬೇಕು. ಆಮೇಲೆ ಬರುತ್ತದೆ.